ಕಾಫಿ ಕೊಯ್ಲಿಗೆ ಬಂದ ಮಕ್ಕಳಿಗೆ ಶಾಲೆಯ ಬಾಗಿಲು

ಡಿಸೆಂಬರ್ ತಿಂಗಳ ಬೆಳಗು. ಮಂಜು ಇನ್ನೂ ಸರಿದಿಲ್ಲ. ಸಿದ್ದಾಪುರ, ಪಾಲಿಬೆಟ್ಟದ ರಸ್ತೆಗಳಲ್ಲಿ ಕೆಲಸಗಾರರನ್ನು ಹೊತ್ತ ಜೀಪುಗಳು ತೋಟಗಳತ್ತ ಓಡುತ್ತವೆ. ಅದೇ ರಸ್ತೆಯ ಬದಿಯಲ್ಲಿ ಸಮವಸ್ತ್ರ ತೊಟ್ಟ ಮಕ್ಕಳು ಬಸ್ಸಿಗೆ ಕಾಯುತ್ತಿರುತ್ತಾರೆ. ಇನ್ನಷ್ಟು ಮಕ್ಕಳು ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಬೀಳುವುದೇ ಇಲ್ಲ. ತೋಟದೊಳಗಿನ ಲೈನ್ ಮನೆಯ ಜಗಲಿಯಲ್ಲಿ, ತಮ್ಮನನ್ನೋ ತಂಗಿಯನ್ನೋ ಸೊಂಟದ ಮೇಲೆ ಹೊತ್ತು ನಿಂತಿರುವ ಎಂಟು-ಹತ್ತು ವರ್ಷದವರು ಅವರು. ಅಪ್ಪ-ಅಮ್ಮ ಹಣ್ಣು ಕೊಯ್ಯಲು ಹೋಗಿದ್ದಾರೆ. ಅಸ್ಸಾಮಿನಿಂದಲೋ ಜಾರ್ಖಂಡಿನಿಂದಲೋ ದಿನಗಟ್ಟಲೆ ರೈಲಿನಲ್ಲಿ ಕುಳಿತು ಬಂದ ಕುಟುಂಬಗಳು ಇವು.

ಹೊರಗಿನಿಂದ ಬಂದ ದುಡಿಮೆಗಾರರು ಕೊಡಗಿಗೆ ಹೊಸಬರಲ್ಲ. 1834ರಲ್ಲಿ ಬ್ರಿಟಿಷರ ಆಡಳಿತ ಬಂದು, 1850ರ ದಶಕದಲ್ಲಿ ದೊಡ್ಡ ಕಾಫಿ ತೋಟಗಳು ಏಳತೊಡಗಿದ ಮೇಲೆ ಮೈಸೂರು ಸೀಮೆಯಿಂದ, ತಮಿಳು ನಾಡಿನಿಂದ, ಮಲಬಾರಿನಿಂದ ಜನ ಬಂದರು. ಹಾಗೆ ಬಂದ ಎಷ್ಟೋ ಮನೆತನಗಳು ಇಲ್ಲಿಯವೇ ಆಗಿವೆ. ಈಗ ಬರುವವರ ಊರು ಇನ್ನೂ ದೂರ, ಭಾಷೆ ಇನ್ನೂ ಅಪರಿಚಿತ. ವ್ಯತ್ಯಾಸ ಇಷ್ಟೇ.

ಇವರ ಮಕ್ಕಳ ಕಷ್ಟ ಕ್ಯಾಲೆಂಡರಿನಿಂದಲೇ ಶುರುವಾಗುತ್ತದೆ. ಶಾಲೆ ತೆರೆಯುವುದು ಜೂನ್ ಹೊತ್ತಿಗೆ. ಅರೇಬಿಕಾ ಕೊಯ್ಲು ಶುರುವಾಗುವುದು ನವೆಂಬರ್ ಹೊತ್ತಿಗೆ. ಅದರ ಹಿಂದೆಯೇ ರೊಬಸ್ಟಾ. ಕುಟುಂಬ ಇಲ್ಲಿಗೆ ಬಂದಿಳಿಯುವಾಗ ಅರ್ಧ ವಾರ್ಷಿಕ ಪರೀಕ್ಷೆ ಮುಗಿದಿರುತ್ತದೆ. ಬೇಸಿಗೆಗೆ ಮತ್ತೆ ಗಂಟುಮೂಟೆ. ಹೀಗೆ ಅಲ್ಲಿಯ ಶಾಲೆಯೂ ತಪ್ಪಿತು, ಇಲ್ಲಿಯದೂ ಸಿಗಲಿಲ್ಲ.

ಧೈರ್ಯ ಮಾಡಿ ಶಾಲೆಯವರೆಗೆ ಬಂದ ತಂದೆಯ ಮುಂದೆ ಸಾಮಾನ್ಯವಾಗಿ ಮೂರು ಪ್ರಶ್ನೆಗಳು ಬರಬಹುದು: “ಟಿ.ಸಿ. ಎಲ್ಲಿ? ಜನನ ಪ್ರಮಾಣಪತ್ರ ಎಲ್ಲಿ? ವರ್ಷದ ನಡುವೆ ಹೇಗಪ್ಪಾ ಸೇರಿಸಿಕೊಳ್ಳೋದು?” ಅರ್ಥವಾದಷ್ಟು ಅರ್ಥ ಮಾಡಿಕೊಂಡು ಆತ ಹಿಂದಿರುಗಿದರೆ ಆ ಮಗುವಿನ ಒಂದು ವರ್ಷ ಅಲ್ಲಿಗೆ ಮುಗಿಯಿತು.

ಆದರೆ ಈ ಮೂರೂ ಪ್ರಶ್ನೆಗಳಿಗೆ ಕಾನೂನು ಎಂದೋ ಉತ್ತರ ಕೊಟ್ಟಿದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿಲ್ಲಿಸುವಂತಿಲ್ಲ (5ನೇ ಕಲಂ). ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲ (14ನೇ ಕಲಂ). ಪ್ರವೇಶದ ಅವಧಿ ಮುಗಿಯಿತೆಂದು ಬಾಗಿಲು ಹಾಕುವಂತಿಲ್ಲ (15ನೇ ಕಲಂ). ಹತ್ತು ವರ್ಷದ ಮಗು ಈವರೆಗೆ ಶಾಲೆಯನ್ನೇ ಕಾಣದಿದ್ದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು (4ನೇ ಕಲಂ). ಊರು ಬಿಟ್ಟು ಹೊರಡುವಾಗ ಕೇಳಿದರೆ ಮುಖ್ಯೋಪಾಧ್ಯಾಯರು ಟಿ.ಸಿ.ಯನ್ನು ಕೂಡಲೇ ಕೊಡಬೇಕು. ಮುಂದಿನ ಊರಿನಲ್ಲಿ ಆ ಒಂದು ಹಾಳೆ ಬಹಳ ಉಪಕಾರಕ್ಕೆ ಬರುತ್ತದೆ.

“ಇವರು ನಿಜಕ್ಕೂ ಎಲ್ಲಿಯವರು?” ಎಂಬ ಅನುಮಾನದ ಮಾತೂ ಕೆಲವೊಮ್ಮೆ ಕೇಳಿಬರುತ್ತದೆ. ಅಮೆರಿಕದ ಟೆಕ್ಸಾಸ್ ರಾಜ್ಯ ಇದೇ ಪ್ರಶ್ನೆ ಎತ್ತಿ, ಕಾಗದಪತ್ರವಿಲ್ಲದ ವಲಸಿಗರ ಮಕ್ಕಳನ್ನು ಶಾಲೆಯಿಂದ ಹೊರಗಿಡಲು ಹೊರಟಿತ್ತು. ಅಲ್ಲಿಯ ಸುಪ್ರೀಂ ಕೋರ್ಟ್ 1982ರಲ್ಲಿ ಅದು ಸಲ್ಲದೆಂದಿತು. ನಮ್ಮ ಸಂವಿಧಾನದ 21-ಎ ವಿಧಿಯೂ ಆರರಿಂದ ಹದಿನಾಲ್ಕು ವರ್ಷದ ‘ಎಲ್ಲ ಮಕ್ಕಳು’ ಎಂದೇ ಹೇಳುತ್ತದೆ. ಊರು-ಕೇರಿ ವಿಚಾರಿಸುವುದು ಮೇಷ್ಟ್ರ ಕೆಲಸವಲ್ಲ.

ಪ್ರವೇಶ ಸಿಕ್ಕರೆ ಸಾಕೇ? ಕನ್ನಡದ ಗಂಧವೇ ಇಲ್ಲದ ಮಗು ತರಗತಿಯಲ್ಲಿ ಏನು ಮಾಡಬೇಕು? ಇದಕ್ಕೂ ನಮ್ಮಲ್ಲಿ ದಾರಿಯಿದೆ. ನಾಗರಹೊಳೆ ಕಾಡಿನ ಆಚೆ ಬದಿಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ‘ನಲಿ-ಕಲಿ’ ಶುರುವಾಯಿತು. ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ ಆರಂಭದ ತರಗತಿಗಳಿಗೆ ಹಬ್ಬಿತು. ಚಿತ್ರ, ಕಾರ್ಡು, ಹಾಡು, ಆಟದ ಮೂಲಕ ಮಗು ತನ್ನ ವೇಗದಲ್ಲೇ ಮೆಟ್ಟಿಲೇರುವ ಪದ್ಧತಿ ಅದು. ಡಿಸೆಂಬರಿನಲ್ಲಿ ಬಂದ ಮಗುವೂ ತನ್ನ ಮೊದಲ ಮೆಟ್ಟಿಲಿನಿಂದಲೇ ಆರಂಭಿಸಬಹುದು.

ಇನ್ನು ಜಗಲಿಯ ಹುಡುಗಿಯ ಸೊಂಟದ ಮೇಲಿರುವ ಕೂಸಿನ ಮಾತು. ಅದನ್ನು ನೋಡಿಕೊಳ್ಳುವವರು ಸಿಗದೆ ಅಕ್ಕ ಶಾಲೆಗೆ ಹೋಗಲಾರಳು. 50 ಅಥವಾ ಅದಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಶಿಶುವಿಹಾರ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತ್ತು. ಆದರೆ ಕೊಡಗಿನಲ್ಲಿ ಸಣ್ಣ ಬೆಳೆಗಾರರೇ ಹೆಚ್ಚು. ಆ ಮಾತು ಅಲ್ಲಿಗೆ ತಲುಪಲಿಲ್ಲ. ಮೂರು ವರ್ಷ ತುಂಬಿದ ಮಗುವಿಗೆ ಅಂಗನವಾಡಿ ಇದೆ. ಅದಕ್ಕಿಂತ ಚಿಕ್ಕದಕ್ಕೆ ನಾಲ್ಕು ತೋಟದವರು ಸೇರಿ ಒಬ್ಬ ಅಜ್ಜಿಗೆ ಸಂಬಳ ಕೊಟ್ಟು ನೋಡಿಕೊಳ್ಳಲು ಇಟ್ಟರೂ ಹಲವು ಅಕ್ಕಂದಿರು ಶಾಲೆ ಕಾಣುತ್ತಾರೆ.

ಮನೆಯ ಪಡಿತರಕ್ಕೂ ಈಗ ದಾರಿ ಸುಲಭವಾಗಿದೆ. ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಗೆ ಕರ್ನಾಟಕ 2020ರ ಜನವರಿಯಲ್ಲೇ ಸೇರಿತು. ಅಸ್ಸಾಂ 2022ರ ಜೂನ್‌ನಲ್ಲಿ, ಎಲ್ಲ ರಾಜ್ಯಗಳಿಗಿಂತ ಕೊನೆಯದಾಗಿ ಸೇರಿತು. ಆಹಾರ ಭದ್ರತಾ ಕಾಯ್ದೆಯಡಿ ಸಿಗುವ ಧಾನ್ಯವನ್ನು ಊರಿನ ಚೀಟಿಯ ಮೇಲೆ, ಬೆರಳಚ್ಚು ಕೊಟ್ಟು, ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೇ ಪಡೆಯಬಹುದು. ಇದನ್ನು ಅವರಿಗೆ ಅವರ ಭಾಷೆಯಲ್ಲಿ ತಿಳಿಸಿ ಹೇಳುವವರು ಬೇಕು. ತೋಟದ ರೈಟರ್, ಮೇಸ್ತ್ರಿಗಳಿಗಿಂತ ಹತ್ತಿರದವರು ಬೇರೆ ಯಾರಿದ್ದಾರೆ?

“ಇವರೆಲ್ಲ ಬಂದರೆ ನಮ್ಮ ಮಕ್ಕಳ ಓದು ಹಿಂದೆ ಬೀಳುವುದಿಲ್ಲವೇ?” ಎಂದು ಕೇಳುವ ಪೋಷಕರಿದ್ದಾರೆ. ಅವರ ಆತಂಕವನ್ನು ತಳ್ಳಿಹಾಕಬೇಕಾಗಿಲ್ಲ. ಒಬ್ಬರೇ ಶಿಕ್ಷಕರು ಎರಡು-ಮೂರು ತರಗತಿ ನಡೆಸುವಲ್ಲಿ ಹೊಸ ಮಗು ಬಂದರೆ ಹೊರೆ ಹೆಚ್ಚುತ್ತದೆ, ನಿಜ. ಆದರೆ ಶಾಲೆಗೆ ಶಿಕ್ಷಕರ ಹುದ್ದೆ ನಿಗದಿಯಾಗುವುದು ಮಕ್ಕಳ ಸಂಖ್ಯೆಯ ಮೇಲೆಯೇ. ಮಕ್ಕಳಿಲ್ಲದೆ ಸೊರಗುತ್ತಿರುವ ಹಳ್ಳಿಯ ಸರ್ಕಾರಿ ಶಾಲೆಗೆ ಲೈನ್ ಮನೆಯ ಮಕ್ಕಳು ಬಂದರೆ ಊರಿನ ಮಕ್ಕಳಿಗೂ ಶಾಲೆ ಉಳಿಯುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ತರಗತಿಗೆ ಹೊಸಬನೊಬ್ಬ ಬಂದು ಕೊನೆಯ ಬೆಂಚಿನಲ್ಲಿ ಮಾತಿಲ್ಲದೆ ಕುಳಿತರೆ, ನಿಮ್ಮ ಪಕ್ಕಕ್ಕೆ ಕರೆಯಿರಿ. ಬಿಸಿಯೂಟದ ತಟ್ಟೆಯ ಮುಂದೆ ‘ಅನ್ನ’, ‘ಸಾರು’, ‘ನೀರು’ ಎಂದು ಹೇಳಿಕೊಡಿ; ಅವನ ಭಾಷೆಯಲ್ಲಿ ಅವಕ್ಕೆ ಏನೆನ್ನುತ್ತಾರೆ ಎಂದೂ ಕೇಳಿ. ಆಟದ ಬಯಲಿನಲ್ಲಿ ಮಕ್ಕಳು ಒಬ್ಬರಿಂದೊಬ್ಬರು ಕಲಿಯುವ ಕನ್ನಡವನ್ನು ಯಾವ ಪಠ್ಯಪುಸ್ತಕವೂ ಅಷ್ಟು ಬೇಗ ಕಲಿಸಲಾರದು. ಬೇಸಿಗೆಗೆ ಅವನು ಊರಿಗೆ ಹೊರಟಾಗ ಚೀಲದಲ್ಲಿ ಟಿ.ಸಿ. ಇದೆಯೇ ಎಂದು ನೆನಪಿಸುವುದನ್ನೂ ಮರೆಯಬೇಡಿ.