ದವನದ ದಾಯಾದಿ, ಚೀನಾದ ಸೂಜಿ

ಮಧ್ಯೆ ಮಧ್ಯೆ ದವನ ಸೇರಿಸಿ ಕಟ್ಟಿದ ಕನಕಾಂಬರವನ್ನು ಮಾರೇನಹಳ್ಳಿಯವರು ಬೆಂಗಳೂರಿನ ವಿಜಯನಗರದ ಹೂವಿನಂಗಡಿಯಲ್ಲಿ ಮೊಳದ ಲೆಕ್ಕದಲ್ಲಿ ಕೊಳ್ಳುತ್ತಾರೆ. ಈ ದವನಕ್ಕೆ ಚೀನಾದಲ್ಲಿ ದಾಯಾದಿಗಳಿದ್ದಾರೆ. ಅದೇ ಆರ್ಟೆಮಿಸಿಯಾ ಕುಲದ ಒಂದು ಗಿಡದ ಎಲೆಯನ್ನು ಅಲ್ಲಿನ ವೈದ್ಯರು ಒಣಗಿಸಿ, ಕುಟ್ಟಿ, ಅರಳೆಯಂತಾದ ಮೇಲೆ ಬತ್ತಿ ಸುತ್ತುತ್ತಾರೆ. ಹೊತ್ತಿಸಿದ ಬತ್ತಿಯನ್ನು ನೋಯುವ ಮಂಡಿಯ ಹತ್ತಿರ, ಚರ್ಮಕ್ಕೆ ತಾಕದ ಹಾಗೆ ಹಿಡಿದು ಕಾವು ಕೊಡುತ್ತಾರೆ. ನಮ್ಮಲ್ಲಿ ಅಕ್ಯುಪಂಕ್ಚರ್ ಎಂದರೆ ಸೂಜಿ ಮಾತ್ರ. ಚೀನೀ ಹೆಸರಾದ ‘ಝೆನ್‌ಜಿಯು’ದಲ್ಲಿ ಸೂಜಿ, ಶಾಖ ಎರಡೂ ಇವೆ. 2010ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡದ್ದೂ ಈ ಜೋಡಿಯನ್ನೇ.

ಇನ್ನೊಬ್ಬ ದಾಯಾದಿಯಿಂದ ಮಲೇರಿಯಾ ಮದ್ದು ಆರ್ಟೆಮಿಸಿನಿನ್ ಬಂತು. ಅದನ್ನು ಹೊರತೆಗೆದ ತು ಯೂಯೂ ಅವರಿಗೆ 2015ರ ನೊಬೆಲ್ ಸಿಕ್ಕಿತು. ಹಳೆಯ ಗ್ರಂಥ ಅವರಿಗೆ ಸುಳಿವು ಕೊಟ್ಟದ್ದು ನಿಜ, ಮದ್ದಾದದ್ದು ಮಾತ್ರ ಪ್ರಯೋಗಾಲಯದಲ್ಲಿ ಪರೀಕ್ಷೆಗೆ ನಿಂತ ಮೇಲೆ. ಸೂಜಿಯ ವಿಷಯದಲ್ಲೂ ನನಗೆ ಇದೇ ಅಳತೆಗೋಲು ಸರಿಯೆನಿಸುತ್ತದೆ.

ಮೈಯಲ್ಲಿ ‘ಚಿ’ ಎಂಬ ಚೈತನ್ಯ 14 ನಾಡಿಗಳಲ್ಲಿ ಹರಿಯುತ್ತದೆ, ಅವುಗಳ ಮೇಲೆ 361 ಬಿಂದುಗಳಿವೆ, ಹರಿವು ಕಟ್ಟಿದಲ್ಲಿ ನೋವು. ಇದು ಚೀನೀ ಲೆಕ್ಕ. ಶವ ಕೊಯ್ದು ನೋಡಿದವರಿಗೆ ಈ ನಾಡಿಗಳು ಕಂಡಿಲ್ಲ. ಆದರೆ ಹಳೆಯ ಸೊಂಟನೋವು, ಮಂಡಿನೋವು, ತಲೆನೋವುಗಳಲ್ಲಿ ಕೆಲವರಿಗೆ ಉಪಶಮನ ಸಿಗುವುದು ಪರೀಕ್ಷೆಗಳಲ್ಲಿ ಕಂಡಿದೆ. ಅದರಲ್ಲಿ ಸೂಜಿಯ ಪಾಲೆಷ್ಟು, ನಂಬಿಕೆಯ ಪಾಲೆಷ್ಟು ಎಂಬ ಜಗಳ ಮುಗಿದಿಲ್ಲ. ಕೂದಲಿನಷ್ಟು ಸಣ್ಣ ಉಕ್ಕಿನ ಸೂಜಿ ಒಳಗಿಳಿದಾಗ ಚುಚ್ಚಿದ ನೋವಿಗಿಂತ ಜೋಮು, ಒಂದು ಬಗೆಯ ಭಾರ ಗೊತ್ತಾಗುತ್ತದೆ. ಚುಚ್ಚುವವರು ಕಾಯುವುದೂ ಅದಕ್ಕೇ.

ಈ ಸೂಜಿ ಭಾರತಕ್ಕೆ ಬಂದ ಕತೆಯಲ್ಲಿ ನಮ್ಮ ನೆರೆಯ ಊರೊಂದಿದೆ. 1938ರಲ್ಲಿ ಯುದ್ಧದಲ್ಲಿದ್ದ ಚೀನಾಕ್ಕೆ ಕಾಂಗ್ರೆಸ್ ಐವರು ವೈದ್ಯರನ್ನು ಕಳಿಸಿತು. ಅವರಲ್ಲೊಬ್ಬರು ದ್ವಾರಕಾನಾಥ ಕೋಟ್ನಿಸ್, ಗಡಿಯಾಚೆ ಇದ್ದರೂ ಕನ್ನಡ ಕಿವಿಗೆ ಬೀಳುವ ಸೊಲ್ಲಾಪುರದವರು. 1942ರಲ್ಲಿ, 32ನೆಯ ವಯಸ್ಸಿನಲ್ಲಿ ಅವರು ಅಲ್ಲೇ ತೀರಿಕೊಂಡರು. ಅವರು ಶಸ್ತ್ರವೈದ್ಯರು, ಸೂಜಿ ಚಿಕಿತ್ಸಕರಲ್ಲ. ಸೂಜಿ ಚಿಕಿತ್ಸೆಯನ್ನು ಕಲಿತು ಕಲ್ಕತ್ತೆಗೆ ತಂದವರು ಅದೇ ತಂಡದ ಬಿ.ಕೆ. ಬಸು, 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ.

ಕರ್ನಾಟಕದಲ್ಲಿ ಅದಕ್ಕೆ ಆಶ್ರಯ ಸಿಕ್ಕಿದ್ದು ಪ್ರಕೃತಿ ಚಿಕಿತ್ಸೆಯ ಮನೆಯಲ್ಲಿ. ಉಜಿರೆಯಲ್ಲಿ 1989ರಲ್ಲಿ ಶುರುವಾದ ಎಸ್‌ಡಿಎಂ ಪ್ರಕೃತಿ ಚಿಕಿತ್ಸಾ ಕಾಲೇಜಿನಂಥ ಕಡೆ ಐದೂವರೆ ವರ್ಷದ ಬಿಎನ್‌ವೈಎಸ್ ಪದವಿ ಓದುವವರಿಗೆ ಮಣ್ಣಿನ ಪಟ್ಟಿ, ಉಪವಾಸ, ಯೋಗದ ಜೊತೆಗೆ ಅಕ್ಯುಪಂಕ್ಚರ್ ಕೂಡ ಪಾಠ. ಸೂಜಿ ಚುಚ್ಚಿಸಿಕೊಳ್ಳುವ ಮನಸ್ಸಿದ್ದರೆ ಹೀಗೆ ಓದಿದವರನ್ನು ಹುಡುಕಿ, ಕಣ್ಣೆದುರೇ ಹೊಸ ಸೂಜಿಯ ಪೊಟ್ಟಣ ಒಡೆಯಲು ಹೇಳಿ. ಎದೆಯ ಭಾಗದಲ್ಲಿ ಆಳ ತಪ್ಪಿದ ಸೂಜಿ ಶ್ವಾಸಕೋಶಕ್ಕೂ ತಾಗೀತು. ಬಿಪಿ, ಸಕ್ಕರೆ ಮಾತ್ರೆ ಬಿಡಿ ಎನ್ನುವವರ ಬಾಗಿಲಿಂದ ಹಾಗೇ ವಾಪಸು ಬನ್ನಿ.

ಮನೆಮಟ್ಟಿಗೆ ಸೂಜಿ ಬೇಡ, ಬಿಂದುವನ್ನು ಬೆರಳಿಂದ ಒತ್ತುವುದಷ್ಟೇ ಸಾಕು. ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳು ಅಳೆದರೆ ಎರಡು ಸ್ನಾಯುರಜ್ಜುಗಳ ನಡುವೆ ‘ನೇಗ್ವಾನ್’ ಬಿಂದು. ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆಯನ್ನು ಇದು ತಗ್ಗಿಸುತ್ತದೆ ಎನ್ನಲು ಒಳ್ಳೆಯ ಆಧಾರವಿದೆ, ಬಸ್ಸಿನ ವಾಕರಿಕೆಗೆ ಅಷ್ಟಿಲ್ಲ. ಹಾಗಿದ್ದೂ ಕಳೆದ ಸಲ ಧರ್ಮಸ್ಥಳಕ್ಕೆ ಹೋಗುವಾಗ ಚಾರ್ಮಾಡಿಯ ತಿರುವುಗಳುದ್ದಕ್ಕೂ ಅಲ್ಲೇ ಹೆಬ್ಬೆರಳು ಒತ್ತಿ, ಕಣ್ಣು ಮುಚ್ಚಿ ಕೂತಿದ್ದೆ. ಉಜಿರೆ ಬರುವವರೆಗೂ ಹೊಟ್ಟೆ ತಣ್ಣಗಿತ್ತು. ಕಾಪಾಡಿದ್ದು ಬಿಂದುವೋ, ಮುಚ್ಚಿದ ಕಣ್ಣೋ, ಬೆಳಗಿನ ತಿಂಡಿ ಬಿಟ್ಟದ್ದೋ, ಹೇಳಲಾರೆ.