ಎಡಗಾಲಿನ ಭಾರ ಇಳಿಸುವ ಲೆಕ್ಕ



ನಮ್ಮ ಕನ್ನಡ ಕಾರ್ಯಕ್ರಮವನ್ನು ಮನೆಗಿಂತ ಗಾಡಿಯಲ್ಲೇ ಹೆಚ್ಚು ಕೇಳುವವರು ನಿಮ್ಮಲ್ಲಿ ಅನೇಕರು. ಸಂಜೆಯ ಟ್ರಾಫಿಕ್ಕಿನಲ್ಲಿ ಕಿವಿಗೆ ಹಾಡು ಸಿಕ್ಕೀತು, ಎಡಗಾಲಿಗೆ ಮಾತ್ರ ಬಿಡುವಿಲ್ಲ. ಹಳೇ ಜೀಪಿಗೆ ದೊಡ್ಡ ಡೀಸೆಲ್ ಎಂಜಿನ್ ಕೂರಿಸಿಕೊಂಡವರ ಪಾಡಂತೂ ಕೇಳಲೇಬೇಡಿ. ನಾಲ್ಕು ಸಿಗ್ನಲ್ ದಾಟುವಷ್ಟರಲ್ಲಿ ಮೊಣಕಾಲು ನಡುಗುತ್ತದೆ. ಈ ಭಾರವನ್ನು ಇಳಿಸಬಹುದು. ಆದರೆ ಲೆಕ್ಕ ತಪ್ಪಿದರೆ ಕಾಲು ಉಳಿಸಿದ ಶ್ರಮಕ್ಕೆ ಗೇರ್‌ಬಾಕ್ಸ್ ದಂಡ ಕಟ್ಟಬೇಕಾಗುತ್ತದೆ.

ಭಾರ ಬರುವುದೆಲ್ಲಿಂದ? ಕ್ಲಚ್ ಪ್ಲೇಟನ್ನು ಎಂಜಿನ್ನಿನ ಫ್ಲೈವೀಲ್‌ಗೆ ಒತ್ತಿ ಹಿಡಿಯುವುದು ಪ್ರೆಷರ್ ಪ್ಲೇಟಿನ ಸ್ಪ್ರಿಂಗ್. ಪೆಡಲ್ ತುಳಿದಾಗ ನಾವು ತಳ್ಳುವುದು ಅದನ್ನೇ. ಎಂಜಿನ್ನಿನ ಟಾರ್ಕ್ ಹೆಚ್ಚಾದರೆ ಪ್ಲೇಟ್ ಜಾರಬಾರದೆಂದು ಇನ್ನೂ ಬಿಗಿಯಾದ ಸ್ಪ್ರಿಂಗ್ ಹಾಕುತ್ತಾರೆ. ಪೆಡಲ್ ಮಾತ್ರ ಹಳೆಯದೇ ಉಳಿಯುತ್ತದೆ.

ಆದರೂ ಎಲ್ಲದಕ್ಕೂ ಸ್ಪ್ರಿಂಗನ್ನೇ ದೂರಬೇಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾದೀತು. ಕೇಬಲ್ ಕ್ಲಚ್ಚಾದರೆ, ಎಂಜಿನ್ ನಿಲ್ಲಿಸಿ ಕೇಬಲ್ಲನ್ನು ಫೋರ್ಕಿನ ಕಡೆ ಬಿಚ್ಚಿ ಪೆಡಲ್ ಒತ್ತಿ ನೋಡಿ. ಆಗಲೂ ಬಿಗಿಯೆನಿಸಿದರೆ ತೊಂದರೆ ಇರುವುದು ಕೇಬಲ್ಲಿನಲ್ಲಿ ಅಥವಾ ಪೆಡಲಿನ ಬುಷ್‌ನಲ್ಲಿ. ಎಂಜಿನ್ ಬದಲಿಸಿದ ಗಾಡಿಗಳಲ್ಲಿ ಕೇಬಲ್ ಚೂಪಾಗಿ ಬಾಗಿರುವುದು, ಸೈಲೆನ್ಸರ್ ಪೈಪಿನ ಬಿಸಿಗೆ ಒಣಗಿರುವುದು ಸಾಮಾನ್ಯ. ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಮಾತ್ರ ಸ್ಲೇವ್ ಸಿಲಿಂಡರ್ ಬಿಚ್ಚಿ ಪೆಡಲ್ ಒತ್ತಬೇಡಿ, ಅದರ ಪಿಸ್ಟನ್ ಹೊರಗೆ ಹಾರೀತು. ಇನ್ನೊಂದು ಮಾತು: ಕ್ಲಚ್ ಪ್ಲೇಟ್ ಸವೆದಂತೆಲ್ಲ ಡಯಾಫ್ರಾಮ್ ಸ್ಪ್ರಿಂಗಿನ ಕೋನ ಬದಲಾಗಿ ಪೆಡಲ್ ಭಾರವಾಗುತ್ತಾ ಹೋಗುತ್ತದೆ. ಅಂಥ ಕಡೆ ಬೇಕಿರುವುದು ಹೊಸ ಕ್ಲಚ್ ಸೆಟ್, ಮಾರ್ಪಾಡಲ್ಲ.

ಇವೆಲ್ಲ ಸರಿಯಿದ್ದೂ ಭಾರವೆನಿಸಿದರೆ ಸನ್ನೆಕೋಲಿನ ಲೆಕ್ಕಕ್ಕೆ ಬನ್ನಿ. ಉದ್ದದ ಹಾರೆಯಿಂದ ಮೀಟಿದರೆ ಬಂಡೆ ಸುಲಭವಾಗಿ ಏಳುತ್ತದೆ, ಆದರೆ ಏಳುವುದು ಸ್ವಲ್ಪವೇ. ಕ್ಲಚ್ಚಿನದೂ ಇದೇ ಕಥೆ. 19 ಮಿ.ಮೀ. ವ್ಯಾಸದ ಮಾಸ್ಟರ್ ಸಿಲಿಂಡರ್ ತೆಗೆದು 16 ಮಿ.ಮೀ.ನದನ್ನು ಹಾಕಿದಿರಿ ಎನ್ನೋಣ. ಲೆಕ್ಕಕ್ಕೆ ಬರುವುದು ವ್ಯಾಸದ ವರ್ಗ: 361ಕ್ಕೆ 256. ಮೊದಲು 20 ಕಿಲೋ ಬಲ ಬೇಡುತ್ತಿದ್ದ ಪೆಡಲಿಗೆ ಈಗ ಸುಮಾರು 14 ಕಿಲೋ ಸಾಕು. ಆದರೆ ಮೊದಲು 14 ಮಿ.ಮೀ. ಚಲಿಸುತ್ತಿದ್ದ ಸ್ಲೇವ್ ಸಿಲಿಂಡರಿನ ಕಡ್ಡಿ ಈಗ ಚಲಿಸುವುದು ಸುಮಾರು 10 ಮಿ.ಮೀ. ಮಾತ್ರ. ಕಾಲಿಗೆ ಎಷ್ಟು ಲಾಭವೋ ಚಲನೆಯಲ್ಲಿ ಅಷ್ಟೇ ನಷ್ಟ. ಸ್ಲೇವ್ ಸಿಲಿಂಡರ್ ದೊಡ್ಡದು ಮಾಡಿದರೂ ಪೆಡಲಿನ ರಾಡ್ ಕೂರುವ ತೂತನ್ನು ಕೀಲಿನ ಹತ್ತಿರಕ್ಕೆ ಸರಿಸಿದರೂ ಫಲ ಒಂದೇ.

ಆ 10 ಮಿ.ಮೀ. ಸಾಲದೇ ಹೋದರೆ ಪೆಡಲ್ ಪೂರ್ತಿ ತುಳಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ. ಗೇರ್ ಹಾಕುವಾಗ ಕರಕರ ಸದ್ದು, ಸಿಂಕ್ರೊ ರಿಂಗ್ ಸವೆತ, ಸಿಗ್ನಲ್ಲಿನಲ್ಲಿ ನಿಂತ ಗಾಡಿ ತಾನಾಗಿ ಮುಂದಕ್ಕೆ ತೆವಳುವುದು. ಮುಂದೆ ಒಬ್ಬ ಬೈಕ್ ಸವಾರ ನಿಂತಿದ್ದರೆ ಗತಿಯೇನು, ಯೋಚಿಸಿ.

ಚಲನೆ ಕಳೆದುಕೊಳ್ಳದೆ ಹಗುರ ಮಾಡುವ ದಾರಿಗಳೂ ಇವೆ. ಕಾಯಿಲ್ ಸ್ಪ್ರಿಂಗಿನ ಹಳೇ ಪ್ರೆಷರ್ ಪ್ಲೇಟ್ ತುಳಿದಷ್ಟೂ ಬಿಗಿಯಾಗುತ್ತದೆ. ಡಯಾಫ್ರಾಮ್ ಮಾದರಿ ಒಂದು ಹಂತ ದಾಟಿದ ಮೇಲೆ ಸಡಿಲವಾಗುತ್ತದೆ. ಫ್ಲೈವೀಲ್‌ನಲ್ಲಿ ಜಾಗವಿದ್ದರೆ ದೊಡ್ಡ ವ್ಯಾಸದ ಕ್ಲಚ್ ಪ್ಲೇಟ್ ಹಾಕಬಹುದು. ಸ್ಪ್ರಿಂಗ್ ಬಿಗಿ ಹೆಚ್ಚಿಸದೆಯೇ ಅದು ಹೆಚ್ಚು ಟಾರ್ಕ್ ತಡೆಯುತ್ತದೆ. ವ್ಯಾಕ್ಯೂಮ್ ಬೂಸ್ಟರ್ ಮೂರನೆಯ ದಾರಿ. ಡೀಸೆಲ್ ಎಂಜಿನ್ನಾದರೆ ಅದಕ್ಕೆ ವ್ಯಾಕ್ಯೂಮ್ ಪಂಪ್ ಬೇಕು, ಮತ್ತು ಎಂಜಿನ್ ನಿಂತರೆ ಪೆಡಲ್ ಮತ್ತೆ ಭಾರ.

ಯಾವ ಕೆಲಸ ಮಾಡಿಸಿದರೂ ಹಣ ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಸಮತಟ್ಟು ಜಾಗದಲ್ಲಿ, ಸುತ್ತ ಯಾರೂ ಇಲ್ಲದಾಗ, ಎಂಜಿನ್ ಬಿಸಿಯಾದ ಮೇಲೆ ಬ್ರೇಕ್ ಹಿಡಿದು ಕ್ಲಚ್ ಪೂರ್ತಿ ತುಳಿಯಿರಿ. ನಾಲ್ಕೈದು ಸೆಕೆಂಡ್ ಕಾದು ರಿವರ್ಸ್ ಹಾಕಿ. ಸದ್ದಿಲ್ಲದೆ ಬಿದ್ದರೆ ಕ್ಲಚ್ ಸರಿಯಾಗಿ ಬಿಡುತ್ತಿದೆ. ಕರಕರ ಎಂದರೆ ಮೆಕ್ಯಾನಿಕ್ಕಿಗೆ ಅಲ್ಲೇ ತೋರಿಸಿ.

ಎಂಜಿನ್ನನ್ನೇ ಬದಲಿಸುವ ಯೋಚನೆಯಿದ್ದರೆ ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ನೆನಪಿರಲಿ. ಆರ್‌ಟಿಓ ಅನುಮತಿ ಪಡೆದು ಆಮೇಲೆ ಗ್ಯಾರೇಜಿನ ಕಡೆ ಹೊರಡಿ.

ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ. ಅಲ್ಲಿಯವರೆಗೆ ಕಾಲು ಹಗುರವಾಗಿರಲಿ, ಕ್ಲಚ್ ಪೂರ್ತಿ ಬಿಡುತ್ತಿರಲಿ. ಶುಭಯಾನ.