ಕಡಲಕುದುರೆಯ ಮೇವು

ಉಪ್ಪುನೀರಿನ ಗಾಜಿನ ತೊಟ್ಟಿಗಳಲ್ಲಿ ಸಾಕುವ ಮೀನುಗಳ ಪೈಕಿ ಕಡಲಕುದುರೆಯಷ್ಟು ನೋಟಕ್ಕೆ ಚೆಲುವಾದುದೂ, ಮೇವಿನ ವಿಷಯದಲ್ಲಿ ಅದರಷ್ಟು ಹಟಮಾರಿಯಾದುದೂ ವಿರಳ. ಇತರ ಮೀನುಗಳು ನೀರಿನ ಮೇಲೆ ಉದುರಿಸಿದ ಒಣ ಆಹಾರವನ್ನು ಮುಗಿಬಿದ್ದು ತಿನ್ನುವುವು. ಕಡಲಕುದುರೆಯಾದರೋ ಎದುರಿಗೆ ಬಂದ ತಿನಿಸನ್ನು ದಿಟ್ಟಿಸಿ ನೋಡಿ, ಅದು ಅಲುಗಾಡದಿದ್ದರೆ ಬಹುಮಟ್ಟಿಗೆ ಬಿಟ್ಟುಬಿಡುವುದು. ಹೀಗೆ ಸುತ್ತಲೂ ಆಹಾರವಿದ್ದೂ ಅದು ಹಸಿವಿನಿಂದ ಸಾಯುವುದುಂಟು. ಜೀವಂತ ಮೇವನ್ನು ಹೊಟ್ಟೆ ತುಂಬ ತಿಂದೂ ದಿನೇ ದಿನೇ ಸೊರಗಿ ಸಾಯುವುದೂ ಉಂಟು. ಈ ಎರಡನೆಯ ಬಗೆಯ ಸಾವಿಗೆ ಕಾರಣವೇನೆಂಬುದನ್ನು ಅರಿತವರೇ ಇದನ್ನು ಉಳಿಸಿಕೊಳ್ಳಬಲ್ಲರು.

ಶರೀರದ ರಚನೆ

ಕಡಲಕುದುರೆಗೆ ಹಲ್ಲುಗಳಿಲ್ಲ, ಜಠರವೂ ಇಲ್ಲ. ಅದರ ಮೂತಿಯು ಕೊಳವೆಯಂತಿರುವುದು. ಬಾಲದಿಂದ ಕಡಲ ಹುಲ್ಲನ್ನು ಸುತ್ತಿ ಹಿಡಿದು, ನಿಶ್ಚಲವಾಗಿ ಕಾದಿದ್ದು, ಸಣ್ಣ ಸಿಗಡಿಯಂಥ ಜೀವಿಯು ಸಮೀಪಿಸಿದೊಡನೆ ತಲೆಯನ್ನು ಥಟ್ಟನೆ ಎತ್ತಿ ಅದನ್ನು ನೀರಿನೊಡನೆ ಹೀರಿಕೊಳ್ಳುವುದು. ಅಗಿಯದೆ ನುಂಗಿದ ಈ ಆಹಾರವು ಶೇಖರಿಸಲ್ಪಡದೆ ಕರುಳಿನ ಮೂಲಕ ಬೇಗನೆ ಸಾಗಿಹೋಗುವುದು. ಆದುದರಿಂದ ದಿನಕ್ಕೊಮ್ಮೆ ಹೇರಳವಾಗಿ ಕೊಡುವುದರಿಂದ ಪ್ರಯೋಜನವಿಲ್ಲ. ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಬೇಕು. ಚುರುಕಾದ ಮೀನುಗಳನ್ನು ಇದರ ಜೊತೆಯಲ್ಲಿ ಬಿಡಕೂಡದು. ಇದು ತಿನ್ನಲೋ ಬೇಡವೋ ಎಂದು ನೋಡುವಷ್ಟರಲ್ಲಿ ಅವು ಎಲ್ಲವನ್ನೂ ಕಬಳಿಸುವುವು.

ಉಪ್ಪುಕೆರೆಯ ಸಿಗಡಿ

ಇಂಥ ಮೀನುಗಳಿಗೆ ಸುಲಭವಾಗಿ ದೊರೆಯುವ ಜೀವಂತ ಮೇವೆಂದರೆ ಆರ್ಟೀಮಿಯ ಎಂಬ ಪುಟ್ಟ ಸಿಗಡಿ. ಇದು ಉಪ್ಪಿನ ಸರೋವರಗಳಲ್ಲಿಯೂ ಉಪ್ಪಿನ ಗದ್ದೆಗಳಲ್ಲಿಯೂ ಬೆಳೆಯುವುದು. ಇದರ ಒಣಗಿದ ತತ್ತಿಗಳು ಬಿತ್ತನೆಯ ಬೀಜದಂತೆ ವರ್ಷಗಟ್ಟಲೆ ಜೀವವನ್ನು ಹಿಡಿದಿಟ್ಟುಕೊಂಡಿದ್ದು, ನೀರು ತಗುಲಿದಾಗ ಎಚ್ಚರಗೊಳ್ಳುವುವು. ಅಮೆರಿಕದ ಯೂಟಾ ಸಂಸ್ಥಾನದ ಮಹಾ ಉಪ್ಪುಸರೋವರದಿಂದ ಇವನ್ನು ಸಂಗ್ರಹಿಸಿ ನಾನಾ ದೇಶಗಳಿಗೆ ಕಳುಹಿಸುವರು. ಇದರ ಮರಿಗಳು ಮೀನುಮರಿಗಳಿಗೆ ಉತ್ತಮ ಆಹಾರವೆಂಬುದನ್ನು 1933ರಲ್ಲಿ ಅಮೆರಿಕದ ಸೀಲ್ ಎಂಬವರೂ, 1939ರಲ್ಲಿ ನಾರ್ವೆಯ ರೋಲೆಫ್‌ಸನ್ ಎಂಬವರೂ ಪ್ರಕಟಿಸಿದರು.

ಮರಿಮಾಡುವ ಕ್ರಮವು ಸರಳವಾದುದು. ಲೀಟರಿಗೆ 25ರಿಂದ 35 ಗ್ರಾಂ ಉಪ್ಪುಳ್ಳ ನೀರನ್ನು, ತಳವು ಆಲಿಕೆಯಂತೆ ಕಿರಿದಾಗಿರುವ ಪಾತ್ರೆಯಲ್ಲಿ ತುಂಬಬೇಕು. ಲೀಟರಿಗೆ 2 ಗ್ರಾಂ ಮೀರದಂತೆ ತತ್ತಿಗಳನ್ನು ಹಾಕಿ, 25ರಿಂದ 28 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿಟ್ಟು, ತಳದಿಂದ ಗಾಳಿಯನ್ನು ಬಿಡುತ್ತಿರಬೇಕು, ಬೆಳಕೂ ಬೀಳುತ್ತಿರಬೇಕು. ಸುಮಾರು 24 ಗಂಟೆಗಳಲ್ಲಿ ಅರ್ಧ ಮಿಲಿಮೀಟರಿನಷ್ಟಿರುವ ಕಿತ್ತಳೆಬಣ್ಣದ ಮರಿಗಳು ಹೊರಡುವುವು. ಬಳಿಕ ಗಾಳಿಯನ್ನು ನಿಲ್ಲಿಸಿದರೆ ಬರಿಯ ಚಿಪ್ಪುಗಳು ಮೇಲೆ ತೇಲುವುವು. ಮರಿಗಳು ಬೆಳಕನ್ನು ಅರಸುವ ಸ್ವಭಾವದವಾದ್ದರಿಂದ ತಳದಲ್ಲಿ ದೀಪವಿಟ್ಟರೆ ಅಲ್ಲಿಗೆ ಬಂದು ಕೂಡುವುವು. ಚಿಪ್ಪು ಬೆರೆಯದಂತೆ ಅವನ್ನು ತೆಗೆದು, ಸಿಹಿನೀರಿನಲ್ಲಿ ತೊಳೆದು ಉಪಯೋಗಿಸತಕ್ಕದ್ದು. ಚಿಪ್ಪನ್ನು ನುಂಗಿದರೆ ಎಳೆಯ ಮೀನಿನ ಕರುಳು ಕಟ್ಟಿಕೊಳ್ಳುವ ಭಯವುಂಟು.

ಮೇವಿಗೆ ಮೇವು

ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಈಗತಾನೆ ಹೊರಟ ಮರಿಯಲ್ಲಿ ತತ್ತಿಯ ಸಾರವಿರುವುದು. ತಾಸುಗಳು ಕಳೆದಂತೆ ಅದು ಕರಗಿಹೋಗುವುದು. ಮೇಲಾಗಿ, ಕಡಲ ಮೀನಿಗೆ ಅತ್ಯವಶ್ಯವಾದ ಡಿ.ಎಚ್.ಎ. ಎಂಬ ಮೇದಾಮ್ಲವು ಆರ್ಟೀಮಿಯದಲ್ಲಿ ಸ್ವಭಾವತಃ ಬಹಳ ಕಡಮೆ. ಬೆಳೆದ ಆರ್ಟೀಮಿಯವನ್ನು ಉಪವಾಸವಿಟ್ಟು ಮೀನಿಗೆ ಹಾಕಿದರೆ ಅದು ಬರಿಯ ಹೊಟ್ಟನ್ನು ದನಕ್ಕೆ ಹಾಕಿದಂತೆಯೇ ಸರಿ. ಹೊಟ್ಟೆ ತುಂಬುವುದು, ಮೈ ತುಂಬದು.

ಇದಕ್ಕೆ ಪರಿಹಾರವೂ ಆ ಜೀವಿಯಲ್ಲಿಯೇ ಇರುವುದು. ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳನ್ನು ಆರ್ಟೀಮಿಯವು ಆರಿಸದೆ ಸೋಸಿ ನುಂಗುವುದು. ಆದರೆ ಹೊರಟೊಡನೆಯೇ ಅದು ತಿನ್ನಲಾರದು. ಸುಮಾರು 8 ಗಂಟೆಗಳ ಮೇಲೆ ಮೊದಲ ಸಲ ಪೊರೆ ಕಳಚಿದ ನಂತರವೇ ಬಾಯಿ ತೆರೆಯುವುದು. ಆಗ ಅದಕ್ಕೆ ಸೂಕ್ಷ್ಮ ಪಾಚಿಯನ್ನಾಗಲಿ, ಮೀನೆಣ್ಣೆಯ ಸಾರವನ್ನಾಗಲಿ 12ರಿಂದ 24 ಗಂಟೆಗಳ ಕಾಲ ಉಣಿಸಿ, ತೊಳೆದು, ತಡಮಾಡದೆ ಮೀನಿಗೆ ಕೊಡಬೇಕು. ಹೊತ್ತು ಕಳೆದರೆ ಉಣಿಸಿದ ಸಾರವು ಅದರ ಒಡಲಿನಲ್ಲಿ ಉಳಿಯದು. ಬೇಟೆಯು ಕೇವಲ ಪಾತ್ರೆ. ಅದರಲ್ಲಿ ತುಂಬಿದುದೇ ಮೀನಿಗೆ ಸೇರುವುದು.

ಮರಿಗಳೂ ದೊಡ್ಡವೂ

ಹೆಣ್ಣು ಇಟ್ಟ ತತ್ತಿಗಳನ್ನು ಗಂಡು ತನ್ನ ಹೊಟ್ಟೆಯ ಚೀಲದಲ್ಲಿ ಹೊತ್ತು, ಅನೇಕ ಜಾತಿಗಳಲ್ಲಿ ನೂರಾರು ಮರಿಗಳನ್ನು ಒಮ್ಮೆಗೇ ಈಯುವುದು. ಹುಟ್ಟಿದ ಮರಿಗೆ ತಾಯಿತಂದೆಗಳ ಪೋಷಣೆಯಿಲ್ಲ. ಮೊದಲ ದಿನವೇ ಅದು ಬೇಟೆಯಾಡಬೇಕು. ಇವಕ್ಕೆ ಕೋಪಿಪಾಡ್ ಎಂಬ ಕಡಲ ಸೂಕ್ಷ್ಮಜೀವಿಯು ಆರ್ಟೀಮಿಯಕ್ಕಿಂತ ಉತ್ತಮ. ಅಗತ್ಯವಾದ ಮೇದಾಮ್ಲಗಳು ಅದರಲ್ಲಿ ಸಹಜವಾಗಿಯೇ ಇರುವುವು. ಆದುದರಿಂದ ಮರಿಗಳು ಹುಟ್ಟುವುದಕ್ಕೆ ಮೊದಲೇ ಪಾಚಿಯನ್ನೂ, ಪಾಚಿಯಿಂದ ಕೋಪಿಪಾಡನ್ನೂ ಬೆಳೆಸಿಟ್ಟಿರಬೇಕು.

ದೊಡ್ಡವನ್ನು ಕ್ರಮೇಣ ಸತ್ತ ಮೇವಿಗೂ ಒಗ್ಗಿಸಬಹುದು. ಜೀವಂತ ಸಿಗಡಿಯ ನಡುವೆ ಶೀತದಲ್ಲಿ ಕಾಪಾಡಿದ ಮೈಸಿಡ್ ಸಿಗಡಿಯನ್ನು ಬೆರೆಸಿ, ನೀರಿನ ಮೆಲ್ಲನೆಯ ಹರಿವಿನಲ್ಲಿ ಅದು ಚಲಿಸುವಂತೆ ಮಾಡಿ, ದಿನದಿನಕ್ಕೆ ಅದರ ಪ್ರಮಾಣವನ್ನು ಹೆಚ್ಚಿಸಬೇಕು. ಮಿಕ್ಕಿದುದನ್ನು ಆಗಾಗ ತೆಗೆಯದಿದ್ದರೆ ನೀರು ಕೆಡುವುದು.

ಅರಿತಿರಬೇಕಾದ ವಿಷಯ

ಭಾರತದಲ್ಲಿ ಕಡಲಕುದುರೆಯನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಅದನ್ನು ಹಿಡಿಯುವುದೂ ಮಾರುವುದೂ ಅಪರಾಧ. ನಮ್ಮ ಕರಾವಳಿಯ ಬಲೆಗಾರರು ಬಲೆಗೆ ಬಿದ್ದ ಜೀವಂತ ಕಡಲಕುದುರೆಯನ್ನು ಕೂಡಲೇ ನೀರಿಗೆ ಬಿಡತಕ್ಕದ್ದು. ಆದರೆ ಮೇಲೆ ಹೇಳಿದ ವಿದ್ಯೆಯು ಅದಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಸಿಗಡಿಮರಿಗಳನ್ನು ಬೆಳೆಸುವ ಕೇಂದ್ರಗಳಲ್ಲಿಯೂ ಇದೇ ಆರ್ಟೀಮಿಯವೇ ಆಧಾರ. ಹಸುವನ್ನು ಕೊಳ್ಳುವ ಮೊದಲು ಹುಲ್ಲನ್ನು ಬೆಳೆಯುವ ಒಕ್ಕಲಿಗನಂತೆ, ಮೀನನ್ನು ಸಾಕುವವನು ಮೊದಲು ಅದರ ಮೇವನ್ನೂ, ಆ ಮೇವಿನ ಮೇವನ್ನೂ ಸಿದ್ಧಪಡಿಸಿಕೊಳ್ಳುವುದು ಲೇಸು.